ವೇವರ್ ದುಡ್ಡಲ್ಲಿ ಮನೆಯವರಿಗೇ ಸಂಬಳ: ಅಮ್ಮನಿಗೋ, ಅಜ್ಜಿಗೋ? (ಟೆಕ್ಸಾಸ್)

ಮಲ್ಲಿಗೆ_ಬಳ್ಳಿ:

ಎಲ್ಲರಿಗೂ ನಮಸ್ಕಾರ. ಟೆಕ್ಸಾಸ್‌ನಲ್ಲಿದ್ದೇವೆ. ಮಗ ಇಲ್ಲೇ ಹುಟ್ಟಿದವನು, ಹದಿನೇಳೂವರೆ ವರ್ಷ. ಆಟಿಸಂ, ಜೊತೆಗೆ ಬೌದ್ಧಿಕ ಅಂಗವೈಕಲ್ಯ. ಸ್ನಾನ, ಬಟ್ಟೆ, ಊಟ, ಹೊರಗೆ ಹೋಗುವುದು, ಎಲ್ಲಕ್ಕೂ ಒಬ್ಬರು ಪಕ್ಕದಲ್ಲಿರಬೇಕು. ಎಚ್‌ಸಿಎಸ್ ವೇವರ್ (ಅಂಗವಿಕಲರನ್ನು ಸಂಸ್ಥೆಗೆ ಸೇರಿಸದೆ ಮನೆಯಲ್ಲೇ ನೋಡಿಕೊಳ್ಳಲು ಮೆಡಿಕೇಡ್ ಎಂಬ ಸರ್ಕಾರಿ ಆರೋಗ್ಯ ವಿಮೆ ದುಡ್ಡು ಕೊಡುವ ಯೋಜನೆ) ಪಟ್ಟಿಯಲ್ಲಿ ಅವನ ಸರದಿ ಈಗ ಬಂದಿದೆ. ಏಜೆನ್ಸಿಯವರನ್ನು ಕರೆಸುವ ಬದಲು ಸಿಡಿಎಸ್ ಆರಿಸಿಕೊಂಡು, ಅಂದರೆ ಕೆಲಸಕ್ಕೆ ಜನರನ್ನು ನಾವೇ ನೇಮಿಸಿಕೊಂಡು ನಡೆಸುವ ಯೋಚನೆ.

ನಮ್ಮ ಯಜಮಾನರು ಎಚ್-1ಬಿ ಕೆಲಸದ ವೀಸಾದಲ್ಲಿದ್ದಾರೆ, ಗ್ರೀನ್ ಕಾರ್ಡಿಗೆ ಕಂಪನಿ ಹಾಕುವ ಐ-140 ಅರ್ಜಿ ಮಂಜೂರಾಗಿದೆ. ನಾನು ಅವರ ಅವಲಂಬಿತೆಯಾಗಿ ಎಚ್-4 ವೀಸಾದಲ್ಲಿದ್ದೇನೆ, ಇಎಡಿ ಅಂದರೆ ಕೆಲಸದ ಪರವಾನಗಿ ಇದೆ. ಅತ್ತೆಯವರಿಗೆ 61 ವರ್ಷ, ನಾದಿನಿಯ ಮೂಲಕ ಗ್ರೀನ್ ಕಾರ್ಡ್ ಆಗಿದೆ, ನಮ್ಮ ಮನೆಯಲ್ಲೇ ಇದ್ದಾರೆ. ಮೂವರಲ್ಲಿ ಯಾರಿಗೆ ಸಂಬಳ ಸಿಗಬಹುದು? ಮಗನಿಗೆ ಹದಿನೆಂಟು ತುಂಬಿದರೆ ಏನಾದರೂ ಬದಲಾಗುತ್ತದೆಯೇ? ಗಂಡ-ಹೆಂಡತಿ ಇಬ್ಬರೂ ಸೇರಿ ಈಗಲೇ ಗಾರ್ಡಿಯನ್‌ಶಿಪ್‌ಗೆ (ವಯಸ್ಕನಾದ ಮೇಲೂ ಅವನ ಪರವಾಗಿ ತೀರ್ಮಾನಿಸಲು ಕೋರ್ಟು ಕೊಡುವ ಅಧಿಕಾರ) ಅರ್ಜಿ ಹಾಕಿ ಎಂದು ವಕೀಲರು ಹೇಳುತ್ತಿದ್ದಾರೆ. ತೆರಿಗೆಯ ವಿಷಯವನ್ನೂ ಯಾರಾದರೂ ಬಿಡಿಸಿ ಹೇಳಿದರೆ ಉಪಕಾರ.

ಕಡತ_ಕಟ್ಟು:

ಮೇಡಂ, ವಕೀಲರ ಅರ್ಜಿಗೆ ಸಹಿ ಹಾಕುವುದನ್ನು ಸದ್ಯಕ್ಕೆ ತಡೆಯಿರಿ. ಯಾಕೆ ಅಂತ ಹೇಳುತ್ತೇನೆ.

ಮೊದಲು ಫೆಡರಲ್ ನಿಯಮ. ಮೆಡಿಕೇಡ್‌ನ ಮಾಮೂಲು ಪರ್ಸನಲ್ ಕೇರ್ ಸೇವೆಯಲ್ಲಿ, ಕಾನೂನಿನ ಪ್ರಕಾರ ಹೇಗೂ ನೋಡಿಕೊಳ್ಳಲೇಬೇಕಾದವರಿಗೆ ಸಂಬಳ ಕೊಡುವಂತಿಲ್ಲ. ಅಂದರೆ ಗಂಡನಿಗೆ ಹೆಂಡತಿ, ಹೆಂಡತಿಗೆ ಗಂಡ, ಹದಿನೆಂಟು ತುಂಬದ ಮಕ್ಕಳಿಗೆ ಅಪ್ಪ-ಅಮ್ಮ. 1981ರಲ್ಲಿ ಬಂದ 1915(ಸಿ) ವೇವರ್‌ನಲ್ಲಿ (ನಿಮ್ಮ ಎಚ್‌ಸಿಎಸ್ ಕೂಡ ಇದೇ ಬಗೆಯದು) ಇದಕ್ಕೊಂದು ಕಿಂಡಿ ಇದೆ. ಅದೇ ವಯಸ್ಸಿನ, ಅಂಗವೈಕಲ್ಯವಿಲ್ಲದ ಮಗುವಿಗೆ ಹೆತ್ತವರು ಮಾಡುವಷ್ಟನ್ನು ಮೀರಿದ ‘ಅಸಾಧಾರಣ ಆರೈಕೆ’ಗೆ ರಾಜ್ಯ ಮನಸ್ಸು ಮಾಡಿದರೆ ದುಡ್ಡು ಕೊಡಬಹುದು. ಎರಡು ವರ್ಷದ ಮಗುವಿಗೆ ಡೈಪರ್ ಹಾಕುವುದು ಮಾಮೂಲು, ಹದಿನಾಲ್ಕರ ಹುಡುಗನಿಗೆ ಹಾಕುವುದು ಅಸಾಧಾರಣ. ಕಿಂಡಿ ತೆರೆಯುವುದು ಬಿಡುವುದು ರಾಜ್ಯದ ಇಷ್ಟ. ಆಯಾ ವೇವರ್‌ನ ದಾಖಲೆಯಲ್ಲಿ ಅಪೆಂಡಿಕ್ಸ್ ಸಿ-2 ನೋಡಿದರೆ ಗೊತ್ತಾಗುತ್ತದೆ. ಕೋವಿಡ್ ಕಾಲದಲ್ಲಿ ಅಪೆಂಡಿಕ್ಸ್ ಕೆ ಎಂಬ ತಾತ್ಕಾಲಿಕ ಸಡಿಲಿಕೆಯಡಿ ಹಲವು ರಾಜ್ಯಗಳು ತೆರೆದಿದ್ದವು. ಅದರ ಅವಧಿ 2023ರ ನವೆಂಬರ್ 11ಕ್ಕೆ ಮುಗಿಯಿತು. ಆಗ ಮಾಡಿದ ಯೂಟ್ಯೂಬ್ ವಿಡಿಯೋಗಳು ಇನ್ನೂ ಓಡಾಡುತ್ತಿವೆ, ನಂಬಬೇಡಿ.

ಟೆಕ್ಸಾಸ್‌ನ ಸಿಡಿಎಸ್‌ನಲ್ಲಿ ಹದಿನೆಂಟು ತುಂಬದವರ ಅಪ್ಪ-ಅಮ್ಮನಿಗೆ ಸಂಬಳ ಇಲ್ಲ. ಹಾಗಾಗಿ ಇನ್ನು ಆರು ತಿಂಗಳು ನಿಮ್ಮಿಬ್ಬರ ಹೆಸರೂ ಬರುವುದಿಲ್ಲ. ಅಜ್ಜಿಗೆ ಆ ಅಡ್ಡಿಯಿಲ್ಲ, ಈಗಲೇ ಸೇರಬಹುದು.

ಹದಿನೆಂಟಾದ ಮೇಲೆ ಅಪ್ಪ-ಅಮ್ಮ ಎಂಬ ಕಾರಣಕ್ಕಿದ್ದ ನಿಷೇಧ ಬಿದ್ದುಹೋಗುತ್ತದೆ, ಆದರೆ ಬೇರೆ ನಿಷೇಧಗಳು ಎದ್ದು ನಿಲ್ಲುತ್ತವೆ. ಗಾರ್ಡಿಯನ್ ಆದವರು, ಗಾರ್ಡಿಯನ್‌ನ ಗಂಡ ಅಥವಾ ಹೆಂಡತಿ, ಡೆಸಿಗ್ನೇಟೆಡ್ ರೆಪ್ರೆಸೆಂಟೇಟಿವ್ ಅಂದರೆ ಮಗನ ಪರವಾಗಿ ನೇಮಕ, ಬಜೆಟ್, ಟೈಮ್‌ಶೀಟ್ ನೋಡಿಕೊಳ್ಳುವವರು, ಅವರ ಗಂಡ ಅಥವಾ ಹೆಂಡತಿ, ಇವರಲ್ಲಿ ಯಾರಿಗೂ ಸಂಬಳ ಇಲ್ಲ. ನಿಮ್ಮಲ್ಲಿ ಒಬ್ಬರೇ ಗಾರ್ಡಿಯನ್ ಆದರೂ ಇಬ್ಬರೂ ಹೊರಗೆ. ಇಲ್ಲಿ ಲೆಕ್ಕಕ್ಕೆ ಬರುವುದು ರಕ್ತಸಂಬಂಧ ಅಷ್ಟಾಗಿ ಅಲ್ಲ, ಕಡತದಲ್ಲಿ ಯಾರು ಯಾವ ಕುರ್ಚಿಯಲ್ಲಿ ಕೂತಿದ್ದಾರೆ ಎನ್ನುವುದು.

ಟೆಕ್ಸಾಸ್‌ನಲ್ಲಿ ಗಾರ್ಡಿಯನ್‌ಶಿಪ್ ಅರ್ಜಿಯನ್ನು ಹದಿನೆಂಟನೇ ಹುಟ್ಟುಹಬ್ಬಕ್ಕೆ 180 ದಿನ ಮೊದಲಿಂದ ಹಾಕಬಹುದು. ವಕೀಲರು ಅವಸರಿಸುತ್ತಿರುವುದು ಅದಕ್ಕೇ ಇರಬೇಕು. ಅವರದ್ದು ತಪ್ಪಲ್ಲ, ಸಂಬಳದ ಪ್ರಶ್ನೆಯನ್ನು ಅವರ ಮುಂದೆ ಯಾರೂ ಇಟ್ಟಿರುವುದಿಲ್ಲ ಅಷ್ಟೆ. ಗಾರ್ಡಿಯನ್‌ಶಿಪ್ ನಿಜಕ್ಕೂ ಬೇಕೇ ಅಂತ ಮೊದಲು ನೋಡಿ. 2015ರಲ್ಲಿ ಇದೇ ರಾಜ್ಯ ದೇಶದಲ್ಲೇ ಮೊದಲ ಬಾರಿಗೆ ಸಪೋರ್ಟೆಡ್ ಡಿಸಿಶನ್ ಮೇಕಿಂಗ್ (ತೀರ್ಮಾನ ಅವನದೇ, ನಂಬಿಕಸ್ಥರು ನೆರವಾಗುತ್ತಾರೆ) ಒಪ್ಪಂದಕ್ಕೆ ಕಾನೂನು ಮಾಡಿತು. ಹುಡುಗನಿಗೆ ಒಪ್ಪಂದದ ಅರ್ಥ ಒಂದಿಷ್ಟಾದರೂ ಆಗುವುದಾದರೆ ಅದು ಸಾಕಾಗಬಹುದು. ಏನೂ ಅರ್ಥವಾಗದ ಸ್ಥಿತಿಯಿದ್ದು, ಆಸ್ಪತ್ರೆಯ ತೀರ್ಮಾನಗಳಿಗೆ ಗಾರ್ಡಿಯನ್ ಬೇಕೇ ಬೇಕು ಅಂತಾದರೆ ಸಂಬಳದ ಆಸೆಗೆ ಅದನ್ನು ಕೈಬಿಡಬೇಡಿ. ಆಗ ಅಜ್ಜಿಗೇ ಸಂಬಳ ಇರಲಿ.

ಎರಡನೇ_ಪಾಳಿ:

ಮೇಲಿನದಕ್ಕೆ ಒಂದು ಸೇರ್ಪಡೆ. ಹದಿನೆಂಟಾದ ಮೇಲೆ ಗಾರ್ಡಿಯನ್ ಇಲ್ಲದಿದ್ದರೆ ಕಾಗದದಲ್ಲಿ ಮಾಲೀಕ, ಅಂದರೆ ಕೆಲಸಕ್ಕೆ ಇಟ್ಟುಕೊಳ್ಳುವವನು, ಮಗನೇ. ಅವನ ಕೈಯಲ್ಲಿ ಆಗುವುದಿಲ್ಲವಾದ್ದರಿಂದ ರೆಪ್ರೆಸೆಂಟೇಟಿವ್ ಬೇಕಾಗುತ್ತಾರೆ. ‘ಅಪ್ಪ ಆಗಲಿ ಬಿಡಿ’ ಅಂದುಕೊಂಡರೆ ಅಮ್ಮನ ಸಂಬಳ ಹೋಯಿತು. ಅತ್ತೆಯವರು ರೆಪ್ರೆಸೆಂಟೇಟಿವ್ ಆದರೆ ನೀವು ಕೆಲಸಕ್ಕೆ ಸೇರಬಹುದು. ನೀವು ಆ ಹೊಣೆ ಹೊತ್ತರೆ ಅತ್ತೆ ಸೇರಬಹುದು. ಇಬ್ಬರೂ ಸಂಬಳಕ್ಕಿರಬೇಕು ಎಂದರೆ ಮೂರನೆಯವರು, ನಿಮ್ಮ ನಾದಿನಿಯಂಥವರು, ಬಿಟ್ಟಿಯಾಗಿ ಆ ಕೆಲಸ ಒಪ್ಪಿಕೊಳ್ಳಬೇಕು. ಅದಕ್ಕೆ ಸಂಬಳ ಇಲ್ಲ, ಸಹಿ ಮಾತ್ರ ಬಹಳ.

ದಾರಿ ಹೀಗೆ: ಎಫ್‌ಎಂಎಸ್‌ಎ ಎಂಬ ಲೆಕ್ಕ ನೋಡುವ ಏಜೆನ್ಸಿಯನ್ನು ಆರಿಸಿಕೊಳ್ಳಿ, ಮಾಲೀಕರ ತರಬೇತಿ ಮುಗಿಸಿ, ಬಜೆಟ್ ಮಾಡಿ. ಆಮೇಲೆ ಕೆಲಸಕ್ಕೆ ಬರುವವರ ಕ್ರಿಮಿನಲ್ ಹಿನ್ನೆಲೆ, ದುರ್ನಡತೆ ರಿಜಿಸ್ಟ್ರಿ ತಪಾಸಣೆ, ಐ-9 (ಕೆಲಸ ಮಾಡುವ ಅರ್ಹತೆ ತೋರಿಸುವ ಫಾರಂ), ಡಬ್ಲ್ಯೂ-4 (ತೆರಿಗೆ ಕಡಿತದ ಫಾರಂ). ‘ಇಂಥ ದಿನದಿಂದ ಶುರು ಮಾಡಿ’ ಎಂದು ಎಫ್‌ಎಂಎಸ್‌ಎ ಬರೆದು ತಿಳಿಸುವವರೆಗೆ ಒಂದು ಗಂಟೆಯೂ ಲೆಕ್ಕಕ್ಕೆ ಬರುವುದಿಲ್ಲ, ಹಿಂದಿನ ದಿನಗಳ ಸಂಬಳ ಆಮೇಲೆ ಸಿಗುವುದೂ ಇಲ್ಲ. ಹೆಚ್ಚಿನವರು ಎಡವುವುದು ಇಲ್ಲೇ.

ಸೇವೆಯ ಹೆಸರೂ ಮುಖ್ಯ. ಹಬಿಲಿಟೇಶನ್, ಅಂದರೆ ದಿನನಿತ್ಯದ ಕೆಲಸ ಕಲಿಸುವ, ನೆರವಾಗುವ ಗಂಟೆಗಳಿಗೆ ಮನೆಯವರನ್ನು ಇಟ್ಟುಕೊಳ್ಳಬಹುದು. ರೆಸ್ಪೈಟ್ ಎಂಬುದು ಸಂಬಳವಿಲ್ಲದೆ ನೋಡಿಕೊಳ್ಳುವವರಿಗೆ ಬಿಡುವು ಕೊಡಲಿಕ್ಕೆ ಇರುವುದು, ಅದೇ ಮನೆಯವರಿಗೆ ಅದರಲ್ಲಿ ದುಡ್ಡು ಕೇಳಿದರೆ ಫೈಲ್ ವಾಪಸ್ ಬರುತ್ತದೆ. ಹಾಗೆಯೇ ರಾಜ್ಯ ಬಿಟ್ಟು ಹೋಗುವ ಯೋಚನೆಯಿದ್ದರೆ ನೆನಪಿಡಿ, ವೇವರ್ ಗಡಿ ದಾಟುವುದಿಲ್ಲ. ಹೊಸ ರಾಜ್ಯದಲ್ಲಿ ಮತ್ತೆ ಪಟ್ಟಿಯ ತುದಿಯಿಂದ ಶುರು.

ಲೆಕ್ಕದ_ಪಟ್ಟಿ:

ತೆರಿಗೆ ನನ್ನ ಪಾಲಿಗೆ ಬಿಡಿ. ಎರಡು ಬೇರೆ ಬೇರೆ ತೆರಿಗೆ ಇವೆ, ಜನ ಕಲಸಿಬಿಡುತ್ತಾರೆ.

ಒಂದು, ಆದಾಯ ತೆರಿಗೆ. ಐಆರ್‌ಎಸ್, ಅಂದರೆ ಫೆಡರಲ್ ತೆರಿಗೆ ಇಲಾಖೆಯ ನೋಟಿಸ್ 2014-7ರ ಪ್ರಕಾರ, ಆರೈಕೆ ಪಡೆಯುವವರೊಂದಿಗೆ ಒಂದೇ ಮನೆಯಲ್ಲಿ ವಾಸಿಸುವವರಿಗೆ ಬರುವ ವೇವರ್ ಸಂಬಳ ತೆರಿಗೆಗೆ ಒಳಪಡುವ ಆದಾಯವಲ್ಲ. ಅತ್ತೆಗೂ ಅನ್ವಯ, ನಿಮಗೂ ಅನ್ವಯ. ಎಫ್‌ಎಂಎಸ್‌ಎಗೆ ಒಂದು ಸ್ವಯಂ ಘೋಷಣೆ ಕೊಡಬೇಕು. ಕೊಟ್ಟಿದ್ದರೆ ಡಬ್ಲ್ಯೂ-2ರ (ವರ್ಷದ ಸಂಬಳದ ಪತ್ರ) ಬಾಕ್ಸ್ 1 ಖಾಲಿ ಇರಬೇಕು, ಬಾಕ್ಸ್ 12ರಲ್ಲಿ ‘ಐಐ’ ಎಂಬ ಕೋಡ್‌ನಡಿ ಮೊತ್ತ ಬರುತ್ತದೆ. ಮರೆತು ಬಾಕ್ಸ್ 1ರಲ್ಲಿ ತುಂಬಿದ್ದರೆ ಗಾಬರಿ ಬೇಡ: 1040ರ (ತೆರಿಗೆ ರಿಟರ್ನ್ ಫಾರಂ) 1ಎ ಸಾಲಿನಲ್ಲಿ ಹಾಕಿ, ಶೆಡ್ಯೂಲ್ 1ರ 8ಎಸ್ ಸಾಲಿನಲ್ಲಿ ಕಳೆಯಿರಿ. 2019ರ ಫೈ ಪ್ರಕರಣದ ತೀರ್ಪಿನಿಂದಾಗಿ ಇದೇ ಸಂಬಳವನ್ನು ಅರ್ನ್ಡ್ ಇನ್‌ಕಮ್ ಕ್ರೆಡಿಟ್‌ಗೆ (ಕಡಿಮೆ ಸಂಬಳದ ದುಡಿಯುವವರಿಗೆ ಸಿಗುವ ತೆರಿಗೆ ರಿಯಾಯಿತಿ) ದುಡಿಮೆ ಎಂದು ತೋರಿಸಿಕೊಳ್ಳಲೂಬಹುದು. ಆದರೆ ಪೂರ್ತಿ ತೋರಿಸಬೇಕು ಇಲ್ಲವೇ ಪೂರ್ತಿ ಬಿಡಬೇಕು, ಅರ್ಧಂಬರ್ಧ ನಡೆಯದು. ಒಂದು ಎಚ್ಚರಿಕೆ: ನೋಟಿಸ್ ಹೆಸರಿಸುವುದು 1915(ಸಿ)ಯನ್ನು. ಎಚ್‌ಸಿಎಸ್‌ನವರಿಗೆ ಹಬಿಲಿಟೇಶನ್ ಸಿಗುವುದು ಕಮ್ಯುನಿಟಿ ಫಸ್ಟ್ ಚಾಯ್ಸ್, ಅಂದರೆ 1915(ಕೆ) ಎಂಬ ಬೇರೆ ಕಲಮಿನ ಮೂಲಕ. ಯಾವ ಗಂಟೆಗಳಿಗೆ ವಿನಾಯಿತಿ ಹಾಕುತ್ತಾರೆ ಎಂದು ಎಫ್‌ಎಂಎಸ್‌ಎಯಿಂದ ಬರಹದಲ್ಲಿ ತಗೊಳ್ಳಿ.

ಎರಡು, ಸೋಶಿಯಲ್ ಸೆಕ್ಯುರಿಟಿ (ಪಿಂಚಣಿ) ಮತ್ತು ಮೆಡಿಕೇರ್ (ಹಿರಿಯರ ಆರೋಗ್ಯ ವಿಮೆ) ತೆರಿಗೆ. ಇದಕ್ಕೆ ಒಂದೇ ಮನೆಯೋ ಅಲ್ಲವೋ ಎಂಬುದು ಮುಖ್ಯವಲ್ಲ, ಮಾಲೀಕರಿಗೂ ಕೆಲಸದವರಿಗೂ ಏನು ಸಂಬಂಧ ಎಂಬುದು ಮುಖ್ಯ. ಮಕ್ಕಳು ಮಾಲೀಕರಾಗಿ ಹೆತ್ತವರು ಮನೆಗೆಲಸದವರಾದರೆ ಸಾಮಾನ್ಯವಾಗಿ ಈ ತೆರಿಗೆ ಇಲ್ಲ. ಈಗ ನಿಮ್ಮ ಯಜಮಾನರು ಮಾಲೀಕರಾದರೆ ಅತ್ತೆ ಅವರ ತಾಯಿ, ಹಾಗಾಗಿ ತೆರಿಗೆ ಇಲ್ಲ. ಮಾಲೀಕರ ಪಾಲಿನ 7.65 ಶೇಕಡಾ ಬಜೆಟ್‌ನಲ್ಲೇ ಉಳಿಯುತ್ತದೆ, ಗಂಟೆಯ ಸಂಬಳ ಏರಿಸಲು ಬಳಸಬಹುದು.

ಕೇಳಲು ಚೆನ್ನಾಗಿದೆ, ಆದರೆ ತೆರಿಗೆ ಕಟ್ಟದಿದ್ದರೆ ಸೋಶಿಯಲ್ ಸೆಕ್ಯುರಿಟಿ ಕ್ರೆಡಿಟ್ಟೂ ಸೇರುವುದಿಲ್ಲ. ಮೆಡಿಕೇರ್ ಪಾರ್ಟ್ ಎ, ಅಂದರೆ ಆಸ್ಪತ್ರೆ ವಿಮೆ, ಪುಕ್ಕಟೆ ಸಿಗಲು 40 ಕ್ರೆಡಿಟ್ ಬೇಕು. ಇಲ್ಲದವರು 2025ರಲ್ಲಿ ತಿಂಗಳಿಗೆ 518 ಡಾಲರ್ ಕಟ್ಟಬೇಕಿತ್ತು, 30ರಿಂದ 39 ಕ್ರೆಡಿಟ್ ಇದ್ದವರಿಗೆ 285. ಮಗ ಹದಿನೆಂಟಾಗಿ ತಾನೇ ಮಾಲೀಕನಾದರೆ ಲೆಕ್ಕ ತಿರುಗುತ್ತದೆ: ಅಜ್ಜಿ ಅವನ ತಾಯಿಯಲ್ಲ, ತೆರಿಗೆ ಕಡಿತವಾಗುತ್ತದೆ, ಕ್ರೆಡಿಟ್ ಸೇರುತ್ತದೆ. 2025ರಲ್ಲಿ 1,810 ಡಾಲರಿಗೆ ಒಂದು, ವರ್ಷಕ್ಕೆ ಹೆಚ್ಚೆಂದರೆ ನಾಲ್ಕು. ನೀವು ಕೆಲಸಕ್ಕೆ ಸೇರಿದರೆ ಮಗನ ತಾಯಿಯಾದ್ದರಿಂದ ನಿಮಗೆ ಕಡಿತವೂ ಇಲ್ಲ, ಕ್ರೆಡಿಟ್ಟೂ ಇಲ್ಲ. ಅರವತ್ತೊಂದರ ಅತ್ತೆಗೆ ಹತ್ತು ವರ್ಷದ ದುಡಿಮೆ ಕೈಗೆಟುಕುವ ಮಾತೋ ಅಲ್ಲವೋ ನೀವೇ ನೋಡಿ. ನನ್ನನ್ನು ಕೇಳಿದರೆ ಸಂಬಳ ಅವರಿಗಿರಲಿ, ರೆಪ್ರೆಸೆಂಟೇಟಿವ್ ನೀವಾಗಿ.

ಮಲ್ಲಿಗೆ_ಬಳ್ಳಿ:

ಇಷ್ಟು ವಿವರ ಎಲ್ಲೂ ಸಿಕ್ಕಿರಲಿಲ್ಲ, ಧನ್ಯವಾದ. ಇನ್ನೆರಡು ಪ್ರಶ್ನೆ. ಸಂಬಳದ ದುಡ್ಡು ಮನೆಗೆ ಬಂದರೆ ಮಗನ ಮೆಡಿಕೇಡ್‌ಗೆ, ಎಸ್‌ಎಸ್‌ಐಗೆ (ಅಂಗವಿಕಲರಿಗೆ ಬರುವ ತಿಂಗಳ ಸರ್ಕಾರಿ ನೆರವು) ಧಕ್ಕೆಯೇ? ಅತ್ತೆಯವರ ಹೆಸರಿದ್ದು, ರಾತ್ರಿ ಹೊತ್ತು ಕೆಲಸ ನಾನೇ ಮಾಡಿದರೆ ನಡೆಯುತ್ತದಾ? ಅವರಿಗೆ ಮಂಡಿನೋವು.

ಕಡತ_ಕಟ್ಟು:

ಮೊದಲನೆಯದಕ್ಕೆ ಚಿಂತೆ ಬೇಡ. ಎಚ್‌ಸಿಎಸ್‌ಗೆ ಲೆಕ್ಕ ಹಿಡಿಯುವುದು ಮಗನ ಆದಾಯ, ಮಗನ ಆಸ್ತಿ: 2025ರ ಲೆಕ್ಕದಲ್ಲಿ ತಿಂಗಳಿಗೆ 2,901 ಡಾಲರ್, ಅಂದರೆ ಎಸ್‌ಎಸ್‌ಐನ 967ರ ಮೂರು ಪಟ್ಟು, ಮತ್ತು ಆಸ್ತಿ 2,000 ಡಾಲರಿನೊಳಗೆ. ಎಸ್‌ಎಸ್‌ಐಯಲ್ಲಿ ಅಪ್ಪ-ಅಮ್ಮನ ಆದಾಯವನ್ನು ಮಗನಿಗೆ ಸೇರಿಸುವುದು ಹದಿನೆಂಟಕ್ಕೆ ನಿಲ್ಲುತ್ತದೆ. ಆದರೆ ಸಂಬಳ ಮಗನ ಹೆಸರಿನ ಖಾತೆಗೆ ಬೀಳದ ಹಾಗೆ ನೋಡಿಕೊಳ್ಳಿ.

ಎರಡನೆಯದು ಖಂಡಿತ ಬೇಡ. 2016ರ ಕ್ಯೂರ್ಸ್ ಕಾನೂನಿನ ನಂತರ ಇವಿವಿ, ಅಂದರೆ ಕೆಲಸದ ಹೊತ್ತನ್ನು ಎಲೆಕ್ಟ್ರಾನಿಕ್ ಆಗಿ ದಾಖಲಿಸುವ ವ್ಯವಸ್ಥೆ, ಕಡ್ಡಾಯ. ಯಾವ ಸೇವೆ, ಯಾರಿಗೆ, ಯಾರಿಂದ, ಯಾವ ದಿನ, ಎಲ್ಲಿ, ಎಷ್ಟು ಹೊತ್ತಿಗೆ ಶುರು, ಎಷ್ಟಕ್ಕೆ ಮುಗಿಯಿತು, ಎಲ್ಲ ದಾಖಲಾಗುತ್ತದೆ. ಅತ್ತೆಯ ಹೆಸರಲ್ಲಿ ಕ್ಲಾಕ್ ಇನ್ ಮಾಡಿ ನೀವು ಕೆಲಸ ಮಾಡಿದರೆ ಅದು ಮೆಡಿಕೇಡ್ ವಂಚನೆ. ನೀವು ವೀಸಾದಲ್ಲಿರುವವರು, ಪರಿಣಾಮ ದುಡ್ಡು ವಾಪಸ್ ಕಟ್ಟುವುದಕ್ಕೆ ನಿಲ್ಲುವುದಿಲ್ಲ. ಮಗ ಶಾಲೆಯಲ್ಲಿದ್ದ ಹೊತ್ತು, ಅತ್ತೆ ಊರಿಗೆ ಹೋದ ದಿನಗಳನ್ನೂ ಟೈಮ್‌ಶೀಟ್‌ಗೆ ಸೇರಿಸುವಂತಿಲ್ಲ. ಅವನು ಆಸ್ಪತ್ರೆಗೆ ದಾಖಲಾದರೆ ಎಫ್‌ಎಂಎಸ್‌ಎಯನ್ನು ಕೇಳದೆ ಗಂಟೆ ಬರೆಯಬೇಡಿ. ಆಡಿಟ್‌ನವರು ಶಾಲೆಯ ಹಾಜರಿ ತರಿಸಿ ತಾಳೆ ನೋಡಬಹುದು.

ಎರಡನೇ_ಪಾಳಿ:

ವೀಸಾ ವಿಷಯ ಬಂತಾದ್ದರಿಂದ: ಎಚ್-1ಬಿ ಇರುವವರು ಅರ್ಜಿ ಹಾಕಿದ ಕಂಪನಿಗಷ್ಟೇ ದುಡಿಯಬಹುದು, ಆದ್ದರಿಂದ ಹದಿನೆಂಟಾದ ಮೇಲೂ ನಿಮ್ಮ ಯಜಮಾನರಿಗೆ ಈ ಸಂಬಳ ಇಲ್ಲ. ನಿಮಗೆ ಇಎಡಿ ಇರುವವರೆಗೆ ಮಾತ್ರ. 2025ರ ಅಕ್ಟೋಬರ್ 30ರಿಂದ ಈಚೆಗೆ ಹಾಕಿದ ನವೀಕರಣ ಅರ್ಜಿಗಳಿಗೆ ತಾನಾಗಿ ಅವಧಿ ವಿಸ್ತರಣೆ ಇಲ್ಲ. ಹೊಸ ಕಾರ್ಡ್ ಬರುವ ಮೊದಲೇ ಹಳೆಯದರ ಅವಧಿ ತೀರಿದರೆ ಆ ದಿನದಿಂದಲೇ ಸಂಬಳದ ಗಂಟೆ ನಿಲ್ಲಿಸಬೇಕು. ಆ ಅಂತರಕ್ಕೆ ಬದಲಿ ಒಬ್ಬರ ತಪಾಸಣೆ, ಐ-9 ಮೊದಲೇ ಮುಗಿಸಿ ಎಫ್‌ಎಂಎಸ್‌ಎಯಲ್ಲಿ ಹೆಸರು ಸೇರಿಸಿಟ್ಟುಕೊಳ್ಳಿ. ಅತ್ತೆಯ ಮಂಡಿನೋವು ಜೋರಾದ ದಿನಕ್ಕೂ ಅದೇ ಬದಲಿ ಆಗುತ್ತಾರೆ.