ಹಳೇ ಫಿಯೆಟ್ ರೇಸ್ ಇಂಜಿನ್: ಪ್ರತಿ ಸೀಸನ್ ಬಿಚ್ಚದೆ ಓಡಿಸುವುದು ಹೇಗೆ?

ಕುಮಟಾ_1089
ಹಳೇ ಸಿಂಗಲ್ ಸೀಟರ್, ಫಿಯೆಟ್ 1100ರ 1089 ಸಿಸಿ ಇಂಜಿನ್. ಕೊಯಮತ್ತೂರು, ಚೆನ್ನೈ ಟ್ರ್ಯಾಕ್‌ಗಳಲ್ಲಿ 7000 ಆರ್‌ಪಿಎಂ ವರೆಗೆ ಎಳೆಯುತ್ತದೆ, ಮಳೆಗಾಲ ಪೂರ್ತಿ ಕುಮಟೆಯ ಶೆಡ್ಡಿನಲ್ಲಿ ನಿಂತಿರುತ್ತದೆ. ಸೀಸನ್ ಮುಗಿಯುವಷ್ಟರಲ್ಲಿ ಬಿಗ್‌ಎಂಡ್ ಬೇರಿಂಗಿನ (ರಾಡು ಕ್ರ್ಯಾಂಕಿಗೆ ಕೂರುವ ಕಡೆಯದು) ಮೇಲ್ಪದರ ಹೋಗಿ ತಾಮ್ರ ಕಾಣುತ್ತದೆ, ಸಿಲಿಂಡರಿನ ಒಳಗೋಡೆಯಲ್ಲಿ ತುಕ್ಕಿನ ಚುಕ್ಕೆ. ಉದ್ದ ತಿರುವುಗಳಲ್ಲಿ ಆಯಿಲ್ ಪ್ರೆಶರ್ ಮುಳ್ಳು ಒಮ್ಮೆ ಬಿದ್ದು ಏಳುತ್ತದೆ. ಎಲ್ಲಿಂದ ಶುರು ಮಾಡಲಿ?

ಶಿರಸಿ_ಗ್ಯಾರೇಜ್
ಆ ಮುಳ್ಳಿನಿಂದಲೇ ಮಾರಾಯ್ರೇ. ತಿರುವಿನಲ್ಲಿ ಆಯಿಲ್ ಚೇಂಬರಿನ (ಇಂಜಿನ್ ಅಡಿಯ ಆಯಿಲ್ ತೊಟ್ಟಿ) ಒಂದು ಬದಿಗೆ ಸರಿದು, ಪಂಪಿಗೆ ಆಯಿಲ್ ಹೀರುವ ಪಿಕಪ್ ಪೈಪು ಗಾಳಿ ಎಳೆಯುತ್ತಿದೆ. ಬೇರಿಂಗ್ ಸವೆಯುವುದು ಆ ಕ್ಷಣಗಳಲ್ಲೇ. ಹಾಗಂತ ಆಯಿಲ್ ಮ್ಯಾಕ್ಸ್ ಗೆರೆ ದಾಟಿಸಬೇಡಿ. ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ, ನೊರೆಯ ಮೇಲೆ ಬೇರಿಂಗ್ ನಿಲ್ಲುವುದಿಲ್ಲ. ಚೇಂಬರ್ ಇಳಿಸಿ, ಪಿಕಪ್ ಸುತ್ತ ತಗಡಿನ ಗೋಡೆ ಬೆಸೆದು, ಒಳಮುಖವಾಗಿ ಮಾತ್ರ ತೆರೆಯುವ ಕದಗಳನ್ನು ಕೂರಿಸಿ. ಕದ ಆಡುವಾಗ ಪಿಕಪ್‌ಗೆ ತಾಗದಂತೆ ನೋಡಿ.

ಎರಡನೆಯದು ಆರ್‌ಪಿಎಂ. ಪಿಸ್ಟನ್ ಮತ್ತು ರಾಡಿನ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಹಾಗಾಗಿ 7000ದ ಬದಲು 6500ಕ್ಕೆ ಗೇರ್ ಹಾಕಿದರೆ ಸುಮಾರು 14% ಹೊರೆ ಇಳಿಯಿತು. ಗೇರ್ ಇಳಿಸುವಾಗ ಅವಸರ ಬೇಡ. ಚಕ್ರವೇ ಇಂಜಿನ್ ತಿರುಗಿಸುವಾಗ ಆರ್‌ಪಿಎಂ ಮಿತಿ ಹಿಡಿಯುವ ಲಿಮಿಟರ್ ಕಾಯುವುದಿಲ್ಲ.

ನೀರು ಬಿಸಿಯಾಯಿತೆಂದು ಹೊರಡಬೇಡಿ. ಆಯಿಲ್ ಬಿಸಿಯಾಗುವುದು ಅದಕ್ಕಿಂತ ನಿಧಾನ, 60–70 ಡಿಗ್ರಿ ಮುಟ್ಟುವ ತನಕ 3000ದ ಒಳಗಿರಿ. ಬಿಸಿ ಇಂಜಿನ್ನಿಗೆ ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ ಪ್ರೆಶರ್ ಬೇಕು. 20ಡಬ್ಲ್ಯು-50 ದರ್ಜೆಯ ಆಯಿಲ್ ಹಾಕಿ, ವಾಲ್ವ್ ತೆರೆಸುವ ಕ್ಯಾಮ್ ಸವೆಯದಿರಲು ಜಿಂಕ್ 1200 ಪಿಪಿಎಂ ಆಸುಪಾಸು ಇರುವಂಥದ್ದು.

ಬೈತಖೋಲ_ಕಾರವಾರ
ತುಕ್ಕು ಮಳೆಗಾಲದ್ದು. ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುತ್ತಿದ್ದರೆ ಮೊದಲು ಅದನ್ನು ಬಿಡಿ: ಉರಿದ ಪೆಟ್ರೋಲಿನ ನೀರು ಆಯಿಲ್‌ಗಿಳಿಯುತ್ತದೆ, ಆರುವಷ್ಟು ಬಿಸಿ ಬರುವುದೇ ಇಲ್ಲ. ಮೇ ಕೊನೆಗೆ ಇಂಜಿನ್ ಚೆನ್ನಾಗಿ ಬಿಸಿ ಮಾಡಿ, ಹಳೇ ಆಯಿಲ್ ಇಳಿಸಿ ಹೊಸದು ತುಂಬಿ ಒಂದೆರಡು ನಿಮಿಷ ಓಡಿಸಿ. ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೆ 10 ಮಿಲಿ ಆಯಿಲ್ ಬಿಟ್ಟು ಕೈಯಲ್ಲೇ ಕ್ರ್ಯಾಂಕ್ ತಿರುಗಿಸಿ, ಪ್ಲಗ್ ಹಾಕಿ. ವಾಲ್ವ್ ಒತ್ತುವ ರಾಕರ್ ಸಡಿಲಿಸಿದರೆ ಎಲ್ಲ ವಾಲ್ವೂ ಮುಚ್ಚಿಕೊಂಡು ಉಪ್ಪುಗಾಳಿ ಒಳಗೆ ಹೋಗುವುದಿಲ್ಲ, ಸ್ಪ್ರಿಂಗೂ ಅದುಮಿಕೊಂಡು ಕೂರುವುದಿಲ್ಲ. ಟ್ಯಾಂಕು, ಕಾರ್ಬುರೇಟರ್ ಬರಿದು ಮಾಡಿ, ಈಗಿನ ಎಥನಾಲ್ ಪೆಟ್ರೋಲ್ ನೀರು ಹೀರುತ್ತದೆ. (20% ಎಥನಾಲ್ ಇರುವ ಇ20ಗೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ಮೇನ್ ಜೆಟ್ ಕೂಡ ದೊಡ್ಡದು ಬೇಕು, 120 ಇದ್ದರೆ 125 ಹಾಕಿ ಪ್ಲಗ್ ಬಣ್ಣ ನೋಡಿ.)

ಮತ್ತೆ ಎಬ್ಬಿಸುವಾಗ ಟ್ಯಾಪೆಟ್ ಗ್ಯಾಪ್ (ರಾಕರ್ ಮತ್ತು ವಾಲ್ವ್ ನಡುವಿನ ಸಂದು) ಸೆಟ್ ಮಾಡಿ, ಪ್ಲಗ್ ಇಲ್ಲದೆ ಸೆಲ್ಫ್ ಹೊಡೆದು ಪ್ರೆಶರ್ ಬಂದ ಮೇಲಷ್ಟೇ ಸ್ಟಾರ್ಟ್.

ಕುಮಟಾ_1089
ಕದದ ಕೆಲಸ ಈ ವಾರವೇ ಹಿಡಿಯುತ್ತೇನೆ. ಬಿಚ್ಚುವ ಸಮಯ ಬಂತೆಂದು ತಿಳಿಯುವುದು ಹೇಗೆ?

ಶಿರಸಿ_ಗ್ಯಾರೇಜ್
ಪ್ರತಿ ರೇಸಿನ ನಂತರ ಆಯಿಲ್ ಫಿಲ್ಟರ್ ಕೊಯ್ದು ಕಾಗದ ಹರಡಿ ನೋಡಿ. ಅಯಸ್ಕಾಂತಕ್ಕೆ ಅಂಟದ ಹೊಳೆಯುವ ಚೂರು ಹೆಚ್ಚಿದರೆ ಬೇರಿಂಗ್ ಮೇಲೆ ಅನುಮಾನಪಡಿ. ಟ್ಯಾಪೆಟ್ ಗ್ಯಾಪ್ ಬರೆದಿಡಿ: ಅಗಲವಾಗುತ್ತಿದ್ದರೆ ಕ್ಯಾಮ್ ಅಥವಾ ಟ್ಯಾಪೆಟ್ ಸವೆತ, ಕಿರಿದಾಗುತ್ತಿದ್ದರೆ ವಾಲ್ವ್ ಸೀಟಿನೊಳಗೆ ಇಳಿಯುತ್ತಿದೆ. ಲೀಕ್‌ಡೌನ್ (ಸಿಲಿಂಡರಿಗೆ ಒತ್ತಡದ ಗಾಳಿ ಬಿಟ್ಟು ಎಷ್ಟು ಸೋರುತ್ತದೆಂದು ನೋಡುವ ಪರೀಕ್ಷೆ) 10% ಒಳಗಿದ್ದರೆ ಮುಟ್ಟಬೇಡಿ. 20% ದಾಟಿದರೆ ಕಿವಿಗೊಡಿ, ಸೈಲೆನ್ಸರಿನಲ್ಲಿ ಸುಸ್ ಎಂದರೆ ಎಕ್ಸಾಸ್ಟ್ ವಾಲ್ವ್, ಹೆಡ್ ಇಳಿಸಿದರೆ ಸಾಕು. ಆಯಿಲ್ ತುಂಬುವ ಬಾಯಲ್ಲಿ ಸುಸ್ ಎಂದರೆ ಪಿಸ್ಟನ್ ರಿಂಗ್.