ವರಸೆ, ಪಟ್ಟು, ಬಾನಿ: ‘ಸ್ಟೈಲ್’ಗೆ ಯಾವ ಪದ ಹೊಂದುತ್ತದೆ?

ಕುವೆಂಪುನಗರದಲ್ಲಿ ನಮ್ಮ ಮನೆಯ ಹತ್ತಿರ ಒಂದು ಜಿಮ್ ಇದೆ. ಕೆಳಗೆ ತೂಕ ಎತ್ತುವ ಜಾಗ. ಮಹಡಿಯ ಮೇಲೆ ಕರಾಟೆ, ಟೇಕ್ವಾಂಡೊ, ಜೂಡೊ, ಬಾಕ್ಸಿಂಗ್, ಮುಯೆ ಥಾಯ್ ಹೇಳಿಕೊಡುತ್ತಾರೆ. ನನ್ನ ತಂಗಿಯ ಮಗಳು ಅಲ್ಲಿಗೆ ಟೇಕ್ವಾಂಡೊ ಕಲಿಯಲು ಹೋಗುತ್ತಾಳೆ. ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಬೇಕು ಎಂಬ ನಿಯಮ ಬಂದಿದೆಯಲ್ಲ, ಅದಕ್ಕೆ ಅವರು ಹೊಸ ಬೋರ್ಡ್ ಬರೆಸುತ್ತಿದ್ದಾರೆ. ನಾನು ಕನ್ನಡ ಮೇಷ್ಟ್ರಾಗಿದ್ದವನು ಅಂತ ಗೊತ್ತಾಗಿ ಒಂದು ಸಂಜೆ ಕೇಳಿದರು: “ಸಾರ್, ಇಲ್ಲಿ ಕಲಿಸೋ ಸ್ಟೈಲ್‌ಗಳು ಅನ್ನೋದಕ್ಕೆ ಒಳ್ಳೆ ಕನ್ನಡ ಪದ ಬೇಕು. ವರಸೆಗಳು ಅಂತ ಹಾಕಿಸ್ಲಾ?”

ಹಾಕಿಸಿ ಅಂದುಬಿಟ್ಟೆ. ಮನೆಗೆ ಬಂದ ಮೇಲೆ ಅನುಮಾನ ಶುರುವಾಯಿತು.

ವರಸೆ ನನಗೆ ಬಹಳ ಇಷ್ಟದ ಪದ. ಅದರ ಒಳಗೆ ಇರುವುದು ಸಾಲು, ಕ್ರಮ ಎಂಬ ಅರ್ಥ. ಸಂಗೀತ ಕಲಿಯುವ ಮಕ್ಕಳಿಗೆ ಮೊದಲು ಹೇಳಿಕೊಡುವುದು ಸರಳೆ ವರಸೆ, ಆಮೇಲೆ ಜಂಟಿ ವರಸೆ. ಸ್ವರಗಳನ್ನು ಒಂದು ಕ್ರಮದಲ್ಲಿ ಜೋಡಿಸಿ, ನಾಲಿಗೆಗೆ ಕೂರುವ ತನಕ ಹಾಡಿಸುತ್ತಾರೆ. ಹಳ್ಳಿಗಳಲ್ಲಿ ಹೆಣ್ಣು ಕೊಡುವಾಗ ವಾವೆ ವರಸೆ ನೋಡುತ್ತಾರೆ. ಯಾರಿಗೆ ಯಾರು ಏನಾಗಬೇಕು ಎಂಬ ಸಾಲು ಅದು. ಕತ್ತಿವರಸೆ, ದೊಣ್ಣೆವರಸೆ ಕೂಡ ಹಾಗೆಯೇ. ಬೀಸು, ತಡೆ, ಹೆಜ್ಜೆ ಎಲ್ಲ ಒಂದರ ಹಿಂದೆ ಒಂದು ಬರಬೇಕು. “ಏನಪ್ಪಾ ಇದು ನಿನ್ನ ಹೊಸ ವರಸೆ?” ಅನ್ನುವಾಗ ಮಾತ್ರ ಅದಕ್ಕೆ ರೀತಿ ಎಂಬ ಅರ್ಥ ಬರುತ್ತದೆ. ಜಿಮ್ಮಿನವರು ಹಿಡಿದದ್ದು ಈ ಕೊನೆಯ ಅರ್ಥವನ್ನು. ಅದು ತಪ್ಪು ಅನ್ನಲಾರೆ.

ಆದರೆ ಮಾರನೆಯ ದಿನ ತಂಗಿಯ ಮಗಳು ನಮ್ಮ ಹಾಲಿನಲ್ಲಿ ಬೆಲ್ಟ್ ಪರೀಕ್ಷೆಗೆ ಅಭ್ಯಾಸ ಮಾಡುತ್ತಿದ್ದಳು. ಎದುರಿಗೆ ಯಾರೂ ಇಲ್ಲ. ಒಂದು ಹೆಜ್ಜೆ, ಒಂದು ತಡೆ, ಒಂದು ಒದೆ, ತಿರುಗಿ ಮತ್ತೆ ಅದೇ. “ಇದಕ್ಕೆ ಪೂಮ್ಸೆ ಅಂತಾರೆ ಮಾವ. ಮೊದಲು ಎಂಟು ಕಲೀಬೇಕು” ಅಂದಳು. ಕರಾಟೆಯವರು ಇದನ್ನೇ ಕಟಾ ಎನ್ನುತ್ತಾರೆ. ನನಗೆ ಮೈ ಜುಮ್ಮೆಂದಿತು. ಇದೇ ಅಲ್ವಾ ವರಸೆ! ಸರಳೆ ವರಸೆಯನ್ನು ಸ್ವರದಲ್ಲಿ ಮಾಡುತ್ತಾರೆ, ಇದನ್ನು ಕೈಕಾಲಿನಲ್ಲಿ ಮಾಡುತ್ತಾರೆ. ಪೂಮ್ಸೆಗೂ ಕಟಾಗೂ ಇಷ್ಟು ಸರಿಯಾಗಿ ಕೂರುವ ಪದ ನಮ್ಮಲ್ಲೇ ಇರುವಾಗ ಅದನ್ನು ‘ಸ್ಟೈಲ್’ಗೆ ಕೊಟ್ಟುಬಿಟ್ಟರೆ, ಇದಕ್ಕೆ ಏನು ಉಳಿಯುತ್ತದೆ? ಅಲ್ಲದೆ ಬಾಕ್ಸಿಂಗ್‌ನಲ್ಲಿ ಇಂಥ ಕಟ್ಟಿಟ್ಟ ಸಾಲು ಇಲ್ಲ. ಅದನ್ನು ವರಸೆಗಳ ಪಟ್ಟಿಗೆ ಹೇಗೆ ಸೇರಿಸುವುದು?

ಇನ್ನು ಪಟ್ಟು. ನಮ್ಮ ತಂದೆ ಹರೆಯದಲ್ಲಿ ಗರಡಿಗೆ ಹೋಗುತ್ತಿದ್ದವರು. ಕುಸ್ತಿಯ ಮಾತು ಬಂದರೆ ಅವರು ವರಸೆ ಎಂದದ್ದು ನನಗೆ ನೆನಪಿಲ್ಲ. ಪಟ್ಟು ಹಾಕಿದ, ಪಟ್ಟು ಬಿಡಿಸಿಕೊಂಡ, ಚಿತ್ ಮಾಡಿದ, ಹೀಗೇ ಹೇಳುತ್ತಿದ್ದರು. ದೊಣ್ಣೆ ತಿರುಗಿಸುವುದಕ್ಕೆ ಮಾತ್ರ ವರಸೆ ಎನ್ನುತ್ತಿದ್ದರು. ಅಂದರೆ ಹೊಡೆತದ ಕಡೆ ವರಸೆ, ಹಿಡಿತದ ಕಡೆ ಪಟ್ಟು. ಈ ಲೆಕ್ಕದಲ್ಲಿ ಜೂಡೊದಲ್ಲಿ ಕಲಿಯುವುದು ಹೆಚ್ಚಾಗಿ ಪಟ್ಟುಗಳನ್ನು. ಜೂಡೊದಲ್ಲೂ ಕಟಾ ಇದೆ ಎಂದು ಅಲ್ಲಿನ ಕೋಚ್ ತಿದ್ದಿದರು. ಅದನ್ನು ಸಾಮಾನ್ಯವಾಗಿ ಇಬ್ಬರು ಸೇರಿ ಮಾಡುತ್ತಾರಂತೆ. ಹಾಗಾದರೆ ಅದು ಪಟ್ಟುಗಳ ವರಸೆ. ಎರಡೂ ಪದ ಒಟ್ಟಿಗೆ ಬಂದರೂ ಜಗಳ ಆಡಲಿಲ್ಲ.

ನನಗೆ ನೋವಾಗುವ ವಿಷಯ ಒಂದಿದೆ. ಗರಡಿಯ ಮಾತುಗಳೆಲ್ಲ ಪತ್ರಿಕೆಯ ರಾಜಕೀಯ ಪುಟಕ್ಕೆ ಹೋಗಿ ಕೂತಿವೆ. ತೊಡೆ ತಟ್ಟುವವರು, ಸಡ್ಡು ಹೊಡೆಯುವವರು, ಅಖಾಡಕ್ಕೆ ಇಳಿಯುವವರು, ಪಟ್ಟು ಸಡಿಲಿಸುವವರು ಎಲ್ಲ ಅಭ್ಯರ್ಥಿಗಳೇ. ನಿಜವಾಗಿ ಮೈ ಬೆವರಿಸುವ ಮಕ್ಕಳ ಬಾಯಲ್ಲಿ ಸ್ಟೈಲ್, ಗ್ರಿಪ್, ರಿಂಗ್. ಇದು ಮೈಸೂರು. ದಸರಾ ಬಂದರೆ ಇಂದಿಗೂ ನಾಡಕುಸ್ತಿಗೆ ಜೋಡಿ ಕಟ್ಟುತ್ತಾರೆ, ಮಟ್ಟಿ ಪೂಜೆ ಮಾಡುತ್ತಾರೆ. ಇಲ್ಲೇ ಈ ಪದಗಳು ಉಳಿಯದಿದ್ದರೆ ಇನ್ನೆಲ್ಲಿ ಉಳಿಯಬೇಕು? ಮಟ್ಟಿ ಅಂದೆನಲ್ಲ, ಎಣ್ಣೆ, ಅರಿಶಿನ ಹಾಕಿ ಹದಮಾಡಿದ ಕೆಮ್ಮಣ್ಣಿನ ಆ ಅಂಕಣ. ಜಿಮ್ಮಿನ ಹುಡುಗನೊಬ್ಬ ‘ಮ್ಯಾಟ್’ ಅನ್ನುವ ಪದದಿಂದಲೇ ಮಟ್ಟಿ ಬಂದಿರಬೇಕು ಎಂದುಕೊಂಡಿದ್ದ. ಸಂಬಂಧವೇ ಇಲ್ಲ. ಮಟ್ಟಿ ಎಂದರೆ ಮಣ್ಣು, ಹಿಂದಿಯ ಮಿಟ್ಟಿಯ ಒಡಹುಟ್ಟು.

ಹಾಗಂತ ಎಲ್ಲವನ್ನೂ ಕನ್ನಡಕ್ಕೆ ತಿರುಗಿಸಬೇಕು ಅನ್ನುವವನಲ್ಲ ನಾನು. ಕರಾಟೆ ಎಂಬ ಜಪಾನಿ ಪದಕ್ಕೆ ‘ಬರಿಗೈ’ ಎಂದೇ ಅರ್ಥ. ಆದರೆ ನಮ್ಮಲ್ಲಿ ಬರಿಗೈಯಲ್ಲಿ ಬಂದ ಅಂದರೆ ಏನೂ ತರದೆ ಬಂದ ಎಂದಾಗುತ್ತದೆ. ಕರಾಟೆ ಕರಾಟೆಯಾಗಿಯೇ ಇರಲಿ. ಬಾಕ್ಸಿಂಗ್‌ಗೆ ಮುಷ್ಟಿಯುದ್ಧ ಎಂದು ಹಾಕಿಸಿದರೂ ಇಲ್ಲಿ ತೊಂದರೆ. ಮುಷ್ಟಿ ಅಂದ ಕೂಡಲೇ ಮೈಸೂರಿನವರ ಕಣ್ಣಿಗೆ ಬರುವುದು ವಿಜಯದಶಮಿಯ ದಿನ ಅರಮನೆಯಲ್ಲಿ ನಡೆಯುವ ಜೆಟ್ಟಿಗಳ ವಜ್ರಮುಷ್ಟಿ ಕಾಳಗ. ತಲೆಯಿಂದ ರಕ್ತ ಚಿಮ್ಮಿದ ಕೂಡಲೇ ನಿಲ್ಲಿಸುವ ಆಚರಣೆ ಅದು. ಗ್ಲೌಸ್ ಹಾಕಿಕೊಂಡು ಸುತ್ತು ಲೆಕ್ಕದಲ್ಲಿ ಆಡುವ ಆಟಕ್ಕೆ ಆ ಹೆಸರು ಬೇಡ.

ಹಾಗಾದರೆ ‘ಸ್ಟೈಲ್’ಗೆ ಏನು? ಇಲ್ಲಿ ಎರಡು ಬೇರೆ ವಿಷಯ ಬೆರೆತಿವೆ. ಕರಾಟೆ, ಜೂಡೊ ಬೇರೆಬೇರೆ ವಿದ್ಯೆಗಳು. ಬಿಲ್ಲುವಿದ್ಯೆ, ಮಲ್ಲವಿದ್ಯೆ ಅಂದ ಹಾಗೆ. ಆದರೆ ಕರಾಟೆಯ ಒಳಗೇ ಶೋಟೋಕಾನ್, ಗೋಜು ರ್ಯೂ, ಶಿಟೋ ರ್ಯೂ, ವಾಡೋ ರ್ಯೂ ಎಂಬ ಕವಲುಗಳಿವೆ. ‘ರ್ಯೂ’ ಅಂದರೆ ಹರಿವು. ಗುರುವಿನಿಂದ ಶಿಷ್ಯನಿಗೆ ಹರಿದು ಬಂದದ್ದು. ಅದಕ್ಕೆ ನನಗೆ ಹೊಳೆದ ಪದ ಬಾನಿ. ವೀಣೆಯಲ್ಲಿ ಮೈಸೂರು ಬಾನಿ ಅನ್ನುತ್ತೇವಲ್ಲ, ಹಾಗೆ ಶೋಟೋಕಾನ್ ಬಾನಿ. ಯಕ್ಷಗಾನದ ತಿಟ್ಟು ಕೂಡ ನೆನಪಾಯಿತು. ಆದರೆ ತೆಂಕುತಿಟ್ಟು, ಬಡಗುತಿಟ್ಟು ಅನ್ನುವಾಗ ಅದು ಒಂದು ಸೀಮೆಗೆ ಅಂಟಿಕೊಂಡಿದೆ. ಬಾನಿಯಲ್ಲಿ ಗುರುವಿನ ನೆರಳು ಜಾಸ್ತಿ.

ಬೋರ್ಡಿನ ಮೇಲೆ ‘ಇಲ್ಲಿ ಕಲಿಸುವ ಗರಡಿ ವಿದ್ಯೆಗಳು’ ಎಂದು ಹಾಕಿಸಬೇಕು ಎಂದುಕೊಂಡಿದ್ದೇನೆ. ಸಮರಕಲೆ ಎಂಬ ಪದ ಬಳಕೆಯಲ್ಲಿದೆ, ನಿಜ. ಆದರೆ ಆರು ವರ್ಷದ ಮಗುವನ್ನು ಕೈಹಿಡಿದು ಕರೆತರುವ ತಾಯಿಗೆ ಸಮರ ಯಾಕೆ? ಗರಡಿ ಅಂದರೆ ತುಳುನಾಡಿನವರಿಗೆ ಕೋಟಿ ಚೆನ್ನಯರ ಗುಡಿ ನೆನಪಾಗುತ್ತದೆ ಎಂಬುದು ಗೊತ್ತು. ಅವರಿಗೆ ಈ ಬಳಕೆ ಒರಟಾಗಿ ಕೇಳಿಸುತ್ತದೆಯೇ, ದಯವಿಟ್ಟು ಹೇಳಿ.

ಮಂಡ್ಯ, ಶ್ರೀರಂಗಪಟ್ಟಣ, ನಂಜನಗೂಡು ಕಡೆಯವರಲ್ಲಿ ಇನ್ನೊಂದು ಕೇಳಬೇಕು. ನಿಮ್ಮೂರ ಪೈಲ್ವಾನರು, ಉಸ್ತಾದರು ಕುಸ್ತಿಗೂ ವರಸೆ ಅನ್ನುತ್ತಿದ್ದರೇ, ಇಲ್ಲ ನಮ್ಮ ತಂದೆಯ ಹಾಗೆ ಪಟ್ಟು ಎಂದಷ್ಟೇ ಅನ್ನುತ್ತಿದ್ದರೇ? ಒಂದೇ ಮನೆಯ ಮಾತಿನ ಮೇಲೆ ಇಷ್ಟು ಕಟ್ಟಿದ್ದೇನೆ. ನೀವು ಕೇಳಿದ ವಾಕ್ಯವನ್ನು, ಹೇಳಿದವರ ಊರನ್ನು ಹಾಗೇ ಬರೆದು ಕಳಿಸಿ. ಬೋರ್ಡ್ ಬರೆಯುವವರು ಭಾನುವಾರ ಬರುತ್ತಾರೆ. ಅಲ್ಲಿಯವರೆಗೆ ‘ವರಸೆಗಳು’ ಬೇಡ, ತಡೆಯಿರಿ ಎಂದು ಜಿಮ್ಮಿನವರಿಗೆ ಹೇಳಿ ಬಂದಿದ್ದೇನೆ.