ಪ್ರಶ್ನೋತ್ತರ: ಲೈಕಾದವರು ಅಗ್ಗದ ಲೆನ್ಸ್ ಯಾಕೆ ಮಾಡುವುದಿಲ್ಲ?

ಪ್ರಶ್ನೆ (ಡೊಂಬಿವಲಿಯಿಂದ): ಅಣ್ಣಾ, ನೀವು ಮುಂಬಯಿಯ ಫೋರ್ಟ್‌ನಲ್ಲಿ ಲೆನ್ಸ್ ರಿಪೇರಿ ಮಾಡುವವರು, ಅದಕ್ಕೇ ಕೇಳುತ್ತಿದ್ದೇನೆ. ಮಾವನ ಹಳೇ ಲೈಕಾ ಎಂ6 ಫಿಲ್ಮ್ ಕ್ಯಾಮೆರಾ ನನ್ನ ಕೈಗೆ ಬಂದಿದೆ, ಲೆನ್ಸ್ ಇಲ್ಲದ ಬರೀ ಬಾಡಿ. ಲೆನ್ಸ್ ಬೆಲೆ ನೋಡಿದರೆ ತಲೆ ತಿರುಗುತ್ತದೆ. ಕ್ಯಾನನ್‌ನವರ 50 ಎಂಎಂ ಎಫ್/1.8 ಎಷ್ಟು ಅಗ್ಗ! ಲೈಕಾದವರು ಅಂಥದ್ದೊಂದು ಯಾಕೆ ಮಾಡುವುದಿಲ್ಲ? ಸುಮ್ನೆ ಹೆಸರಿಗೆ ದುಡ್ಡು ಕೀಳುವುದಾ?

ಉತ್ತರ: ಹೆಸರಿಗೂ ಕೀಳುತ್ತಾರೆ ತಮ್ಮಾ, ಇಲ್ಲ ಅನ್ನುವುದಿಲ್ಲ. ಆದರೆ ಅಗ್ಗದ್ದನ್ನೂ ಮಾಡಿ ನೋಡಿದ್ದಾರೆ. 2007ರಲ್ಲಿ ಸಮರಿಟ್ ಅಂತ ಎಫ್/2.5ರ ನಾಲ್ಕು ಲೆನ್ಸ್ ತಂದರು, 2014ರಲ್ಲಿ ಅವನ್ನೇ ತಿದ್ದಿ ಎಫ್/2.4 ಮಾಡಿದರು, ಆಮೇಲೆ ಆ ಸಾಲನ್ನೇ ನಿಲ್ಲಿಸಿದರು. (ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸಿನ ಬಾಯಿ ಅಗಲ, ಬೆಳಕು ಹೆಚ್ಚು.) ಅಗ್ಗ ಅಂದರೂ ಅವರ ಲೆಕ್ಕದಲ್ಲಿ ಅಗ್ಗ, ನಮ್ಮ ಲೆಕ್ಕದಲ್ಲಿ ಅಲ್ಲ.

ಯಾಕೆ ಅಂತ ಬಿಚ್ಚಿದರೆ ಗೊತ್ತಾಗುತ್ತದೆ. ನಿಮ್ಮ ಎಂ6ನಂಥ ಎಂ ಬಾಡಿಗಳಿಗೆ ಕೂರುವ ಎಂ ಲೆನ್ಸಿಗೆ ಆಟೋಫೋಕಸ್ ಇಲ್ಲ. ರಿಂಗ್ ತಿರುಗಿಸಿದಾಗ ಹಿಂದಿರುವ ಲೋಹದ ಅಂಚು ಬಾಡಿಯೊಳಗಿನ ಪುಟ್ಟ ರೋಲರನ್ನು ತಳ್ಳುತ್ತದೆ, ಫೋಕಸ್ ಕೂತಿತೋ ಇಲ್ಲವೋ ಅಂತ ವ್ಯೂಫೈಂಡರಿನಲ್ಲಿ ಗೊತ್ತಾಗುವುದು ಅದರಿಂದಲೇ. ಆ ಅಂಚು ಕೂದಲೆಳೆಯಷ್ಟು ಹೆಚ್ಚುಕಡಿಮೆ ಆದರೂ ಕಣ್ಣಿಗೆ ಹಿಡಿದ ಫೋಕಸ್ ಕಿವಿಗೆ ಹೋಗಿ ಕೂರುತ್ತದೆ. ಅದಕ್ಕೇ ಲೋಹದ ಮೈ, ನುಣುಪಾಗಿ ತಿರುಗುವ ತಿರುಪು, ಒಂದೊಂದನ್ನೂ ಹೊಂದಿಸಿ ಪರೀಕ್ಷಿಸುವುದು. ಎಫ್/2.4ಕ್ಕೂ ಅಷ್ಟೇ ಕೆಲಸ, ಎಫ್/1.4ಕ್ಕೂ ಅಷ್ಟೇ. ಉಳಿಯುವುದು ಗಾಜಿನ ಖರ್ಚು ಮಾತ್ರ. ಬಟ್ಟೆ ಅಗ್ಗದ್ದು ಅಂತ ಟೈಲರ್ ಹೊಲಿಗೆ ಕೂಲಿ ಕಮ್ಮಿ ಮಾಡುತ್ತಾನಾ? ಕ್ಯಾನನ್‌ನವರ ಆ ಲೆನ್ಸಿನಲ್ಲಿ ಆರೇ ಗಾಜು, ಪ್ಲಾಸ್ಟಿಕ್ ಮೈ, ರಾಶಿ ರಾಶಿ ತಯಾರಾಗುತ್ತದೆ. ಜರ್ಮನಿಯ ವೆಟ್ಸ್‌ಲಾರ್‌ನ ಲೈಕಾದವರ ಸಣ್ಣ ಕಾರ್ಖಾನೆ ಆ ಆಟ ಆಡಿದರೆ ಸೋಲುವುದು ಖಾತ್ರಿ. ಅದೇ ಲೈಕಾದವರ 50 ಎಂಎಂ ಎಫ್/0.95 ನಾಕ್ಟಿಲಕ್ಸ್ ಲೆನ್ಸ್ ನೋಡಿ: ಬೆಳಕು ಒಳಬರುವ ಬಾಯಿಯೇ ಸುಮಾರು 53 ಎಂಎಂ. ಅಷ್ಟಗಲದ ಗಾಜು ಉಜ್ಜಿದ್ದಕ್ಕೆ ಗಿರಾಕಿ ಮರುಮಾತಿಲ್ಲದೆ ಕೊಡುತ್ತಾನೆ.

ಇನ್ನೊಂದು, ನನ್ನ ಪ್ರಕಾರ ಇದೇ ದೊಡ್ಡದು. ಎಂ ಮೌಂಟ್, ಅಂದರೆ ಬಾಡಿಗೆ ಲೆನ್ಸ್ ಕೂರಿಸುವ ಜೋಡಣೆ, ಬಂದದ್ದು 1954ರಲ್ಲಿ. ಆಗಿನ ಲೆನ್ಸ್ ಇವತ್ತಿನ ಬಾಡಿಗೂ ಕೂರುತ್ತದೆ. ಅಂದರೆ ಅವರ ಅಗ್ಗದ ಲೆನ್ಸಿಗೆ ಪೈಪೋಟಿ ಅವರದೇ ಹಳೇ ಮಾಲು!

ಪ್ರಶ್ನೆ (ಚೆಂಬೂರಿನಿಂದ): ಸ್ವೀಡನ್ನಿನ ಕ್ಯಾಮೆರಾ ಕಂಪನಿ ಹಾಸೆಲ್‌ಬ್ಲಾಡ್‌ನವರದೂ ಇದೇ ಕತೆನಾ ಸರ್?

ಉತ್ತರ: ಸ್ವಲ್ಪ ಬೇರೆ. ಅವರ ಎಕ್ಸ್‌ಸಿಡಿ ಲೆನ್ಸುಗಳಲ್ಲಿ ಶಟರ್, ಅಂದರೆ ಬೆಳಕಿಗೆ ತೆರೆದು ಮುಚ್ಚುವ ಬಾಗಿಲು, ಲೆನ್ಸಿನೊಳಗೇ ಇರುತ್ತದೆ. ಲೆನ್ಸ್ ಕೊಂಡಷ್ಟು ಸಲ ಶಟರನ್ನೂ ಕೊಂಡ ಹಾಗೆ. ಆದರೂ 2020ರಲ್ಲಿ 45ಪಿ ಅಂತ ಎಫ್/4ರ ಹಗುರವಾದ, ಬೆಲೆಯೂ ಕಮ್ಮಿಯಿದ್ದ ಒಂದನ್ನು ತಂದರು, ಒಳ್ಳೇ ಲೆನ್ಸ್.

ಪ್ರಶ್ನೆ (ಡೊಂಬಿವಲಿ): ಹಾಗಾದರೆ ನಾನೇನು ಕೊಳ್ಳಲಿ ಅಣ್ಣಾ?

ಉತ್ತರ: ಜಪಾನಿನ ಕೊಸಿನಾದವರು ವೋಯ್ಟ್‌ಲೆಂಡರ್ ಹೆಸರಲ್ಲಿ ಎಂ ಮೌಂಟಿಗೆ ಮಾಡುತ್ತಾರೆ. ಕಣ್ಣು ಮುಚ್ಚಿ ತಗೊಳ್ಳಿ, ಎಂ6ಗೆ 35 ಅಥವಾ 50 ಸಾಕು. ಲೈಕಾದವರದೇ ಹಳೇ ಎಫ್/2 ಲೆನ್ಸ್ ಸಮಿಕ್ರಾನೇ ಬೇಕು ಅಂದರೆ ಫೋರ್ಟಿನ ಬೋರಾ ಬಜಾರ್ ಸುತ್ತಿ, ಆದರೆ ಟಾರ್ಚ್ ಹಿಡಿದು ಹೋಗಿ. ಲೆನ್ಸಿನ ಬಾಯಿ ಪೂರ್ತಿ ತೆರೆದು ಹಿಂದಿನಿಂದ ಓರೆಯಾಗಿ ಬೆಳಕು ಬಿಡಿ. ಜೇಡರಬಲೆಯಂಥ ಬಿಳಿ ಎಳೆ ಕಂಡರೆ ಅದು ಫಂಗಸ್, ನಮ್ಮ ಮುಂಬಯಿ ಮಳೆಗಾಲದ ಪ್ರಸಾದ. ಅಂಚಿನಲ್ಲಿ ಸ್ವಲ್ಪ ಇದ್ದರೆ ತೊಳೆಯಬಹುದು. ಗಾಜಿನ ಮೇಲಿನ ಕೋಟಿಂಗನ್ನೇ ಫಂಗಸ್ ತಿಂದಿದ್ದರೆ ಎಷ್ಟೇ ಕಮ್ಮಿಗೆ ಕೊಟ್ಟರೂ ಬೇಡ.